ಬಯಲುಸೀಮೆಯ ಬಂಡೆ, ಮಣ್ಣು ಮತ್ತು ಕೊಳವೆಬಾವಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಕೊಳವೆಬಾವಿ ಬತ್ತಿದಾಗ ಇನ್ನೂ ಆಳಕ್ಕೆ ಕೊರೆಸುವುದು ರೂಢಿಯಾಗಿದೆ. ಸಾಲ ಮಾಡಿ ಕೊರೆಸುವ ಮುನ್ನ ನಮ್ಮ ಬಂಡೆಯ ಹುಟ್ಟನ್ನು ಅರಿಯುವುದು ಒಳಿತು.

ಭೂಮಿಯ ತೆಳುವಾದ ಹೊರಪದರದ ಕೆಳಗೆ ಸುಮಾರು 2,900 ಕಿ.ಮೀ. ಆಳದವರೆಗೆ ನಡುಪದರವೂ ಅದರೊಳಗೆ ಕಬ್ಬಿಣಪ್ರಧಾನವಾದ ಗರ್ಭವೂ ಇವೆ. ಹೊರಪದರವು ನಡುಪದರದ ಮೇಲ್ಭಾಗದೊಡನೆ ಸೇರಿ ಹಲವು ಫಲಕಗಳಾಗಿ ನಿಧಾನವಾಗಿ ಚಲಿಸುತ್ತಿದೆ. ಭಾರತದ ಫಲಕವು ಏಷ್ಯಾವನ್ನು ಒತ್ತುತ್ತಿರುವುದರಿಂದ ಹಿಮಾಲಯ ಇಂದಿಗೂ ಏರುತ್ತಿದೆ. ನಮ್ಮ ಪ್ರದೇಶವಾದರೋ ಫಲಕದ ಅಂಚಿನಿಂದ ದೂರದಲ್ಲಿರುವ ಅತಿ ಪುರಾತನ ನೆಲ. ನಂದಿಬೆಟ್ಟದಂತಹ ಗ್ರಾನೈಟ್ ಬಂಡೆಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದಾಳದಲ್ಲಿ ಶಿಲಾರಸ ಮೆಲ್ಲಗೆ ತಣಿದು ರೂಪುಗೊಂಡವು. ಸುತ್ತಲಿನ ಪಟ್ಟೆಪಟ್ಟೆಯ ನೈಸ್ ಶಿಲೆ ಒತ್ತಡ ಮತ್ತು ಶಾಖದಿಂದ ಮಾರ್ಪಟ್ಟದ್ದು. ಅದು ಇನ್ನೂ ಹಳೆಯದು.

ಮೆಲ್ಲಗೆ ತಣಿದ ಶಿಲೆಯಲ್ಲಿ ಹರಳುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ನೀರು ನಿಲ್ಲಲು ರಂಧ್ರಗಳೇ ಇಲ್ಲ. ಆದ್ದರಿಂದ ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಮೇಲಿನ ಭಾರ ಸವೆದುಹೋದಂತೆ ಬಂಡೆ ಹಿಗ್ಗಿ ಬಿರುಕು ಬಿಡುತ್ತದೆ. ಆಳಕ್ಕೆ ಇಳಿದಂತೆ ಒತ್ತಡ ಹೆಚ್ಚಿ ಬಿರುಕುಗಳು ವಿರಳವಾಗುತ್ತವೆ. ಸಾವಿರ ಅಡಿ ಕೊರೆದರೂ ಬರೀ ಕಲ್ಲಿನ ಪುಡಿ ಬರುವುದಕ್ಕೆ ಇದೇ ಕಾರಣ, ದುರದೃಷ್ಟವಲ್ಲ. ಆಳದ ನೀರು ಬಂಡೆಯೊಡನೆ ದೀರ್ಘಕಾಲ ಸಂಪರ್ಕದಲ್ಲಿರುವುದರಿಂದ ಫ್ಲೋರೈಡ್ ಕರಗಿರುವ ಸಂಭವವೂ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿ.ಗ್ರಾಂ. ಮೀರಬಾರದು, ಹೊಸ ಬಾವಿಯ ನೀರನ್ನು ಪರೀಕ್ಷಿಸದೆ ಮನೆಗೆ ಬಳಸಬೇಡಿ.

ಇದೇ ಬಂಡೆ ಶಿಥಿಲಗೊಂಡು ನಮ್ಮ ಕೆಂಪು ಮಣ್ಣಾಗಿದೆ. ಫೆಲ್ಡ್‌ಸ್ಪಾರ್ ಖನಿಜ ಜೇಡಿಯಾಗುತ್ತದೆ, ಬೆಣಚು ಮರಳಾಗಿ ಉಳಿಯುತ್ತದೆ, ಕಬ್ಬಿಣದಿಂದ ಕೆಂಪು ಬಣ್ಣ ಬರುತ್ತದೆ. ಗೌರಿಬಿದನೂರಿನ ಮೂಲಕ ಹರಿಯುವ ಉತ್ತರ ಪಿನಾಕಿನಿ ಈ ಮರಳನ್ನು ಬಂಗಾಳ ಕೊಲ್ಲಿಯತ್ತ ಸಾಗಿಸುತ್ತದೆ. ಅಲ್ಲಿ ಪದರಪದರವಾಗಿ ಕೂತದ್ದು ಮುಂದೊಂದು ಕಾಲಕ್ಕೆ ಮತ್ತೆ ಶಿಲೆಯಾಗಬಹುದು. ಅಷ್ಟು ಕಾಲ ರೈತ ಕಾಯಲಾರನಷ್ಟೆ! ಹೊಲದಿಂದ ಕೊಚ್ಚಿಹೋದ ನುಣುಪಾದ ಜೇಡಿ ಮೊದಲು ನಿಲ್ಲುವುದು ಊರಿನ ಕೆರೆಯಲ್ಲಿ. ಬೇಸಿಗೆಯಲ್ಲಿ ಆ ಗೋಡನ್ನು ಮಣ್ಣು ಪರೀಕ್ಷೆಯ ನಂತರ ಮರಳುಮಿಶ್ರಿತ ಹೊಲಕ್ಕೆ ಹರಡಿದರೆ ತೇವಾಂಶ ಹಿಡಿದಿಡುವ ಶಕ್ತಿ ಹೆಚ್ಚುತ್ತದೆ. ಹೂಳು ತೆಗೆದ ಕೆರೆಯಿಂದ ಶಿಥಿಲ ಪದರಕ್ಕೂ ನೀರು ಇಂಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಬದು, ಕೃಷಿ ಹೊಂಡ ಹಾಗೂ ಕೊಳವೆಬಾವಿಯ ಸುತ್ತ ಇಂಗುಗುಂಡಿಯನ್ನು ಮುಂಗಾರಿಗೆ ಮೊದಲೇ ಸಿದ್ಧಪಡಿಸಿಕೊಳ್ಳಿ.