ಚಿನ್ನ ಕಾಯುವ ಆರತಿ, ಶಾಪ ಹೊತ್ತ ರಾಜಕುಮಾರ

ಮಾಲೂರಿನಿಂದ ಮುಳಬಾಗಿಲಿನವರೆಗೆ, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲೂ, ನಿಧಿ ಕಾಯುವ ಸರ್ಪದ ಕಥೆ ಕೇಳದವರು ಕಡಿಮೆ. ಕೋಲಾರ ಜಿಲ್ಲೆಯ ಮಟ್ಟಿಗೆ ನಿಧಿ ಬರೀ ಕಥೆಯಲ್ಲ. ಇಲ್ಲಿನ ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳು ಇನ್ನೂ ಅಲ್ಲೇ ಇವೆ.

ಇದೇ ನೆಲದ ಕಥೆಯನ್ನು ಪಾ. ರಂಜಿತ್ 2024ರಲ್ಲಿ 'ತಂಗಲಾನ್' ಎಂಬ ತಮಿಳು ಚಿತ್ರ ಮಾಡಿದರು. ಕಾಲ 1850ರ ಆಸುಪಾಸು. ಉತ್ತರ ಆರ್ಕಾಟಿನ ದಲಿತರನ್ನು ಕ್ಲೆಮೆಂಟ್ ಎಂಬ ಬ್ರಿಟಿಷ್ ದೊರೆ ಚಿನ್ನ ಹುಡುಕಲು ಕರೆದೊಯ್ಯುತ್ತಾನೆ. ಅಡ್ಡ ನಿಲ್ಲುವವಳು ಚಿನ್ನ ಕಾಯುವ ಆರತಿ; ಆ ಪಾತ್ರದಲ್ಲಿ ಮಾಳವಿಕಾ ಮೋಹನನ್. ಹಾವುಗಳು, ಕರಿಚಿರತೆ ಅವಳ ಕಡೆ. ಮೊದಮೊದಲು ಅವಳು ಮಾಟಗಾತಿ. ಹೋಗಹೋಗುತ್ತ ನಾಯಕನಟ ವಿಕ್ರಮ್ ಪಾತ್ರಕ್ಕೆ ಅವಳಲ್ಲಿ ತನ್ನದೇ ಪೂರ್ವಿಕರ ನೆನಪು ಕಾಣುತ್ತದೆ. ಚಿತ್ರದಲ್ಲಿ ಗದ್ದಲ ಜಾಸ್ತಿ, ನಿಜ. ಆದರೂ ಕನ್ನಡದ ದೆವ್ವಗಳು ಬಹುಪಾಲು ಇನ್ನೂ ಬಂಗಲೆ ಬಿಟ್ಟು ಕದಲದಿರುವಾಗ ಆರತಿ ಬೇರೆಯೇ ತೂಕದವಳು.

ದೆವ್ವದ ಕಥೆಯಲ್ಲಿ ತುಳಿತಕ್ಕೊಳಗಾದವರ ಚರಿತ್ರೆ ಹೇಳುವ ಈ ದಾರಿಯನ್ನು ಅಮೆರಿಕದ ಕಪ್ಪು ಕಲಾವಿದರು ಹಿಡಿದು ಐವತ್ತು ವರ್ಷ ದಾಟಿತು. ವಿಲಿಯಂ ಕ್ರೇನ್ ನಿರ್ದೇಶನದ 'ಬ್ಲಾಕ್ಯುಲಾ' ಬಂದದ್ದು 1972ರಲ್ಲಿ. ಕಥೆ ಶುರುವಾಗುವುದು 1780ರಲ್ಲಿ: ಆಫ್ರಿಕಾದ ರಾಜಕುಮಾರ ಮಾಮುವಾಲ್ಡೆ ಡ್ರಾಕುಲಾನ ಕೋಟೆಗೆ ಬಂದು, ಗುಲಾಮರ ವ್ಯಾಪಾರ ನಿಲ್ಲಿಸಲು ನೆರವು ಕೇಳುತ್ತಾನೆ. ಡ್ರಾಕುಲಾ ಅವಮಾನಿಸುತ್ತಾನೆ, ಕಚ್ಚುತ್ತಾನೆ, ಶವಪೆಟ್ಟಿಗೆಯಲ್ಲಿ ಕೂಡಿಹಾಕುತ್ತಾನೆ. ಸಾಲದ್ದಕ್ಕೆ ತನ್ನದೇ ಹೆಸರು ಅಂಟಿಸುತ್ತಾನೆ, ಥೇಟ್ ಗುಲಾಮರ ಧಣಿಗಳ ಹಾಗೆ!

ಈ ರಾಜಕುಮಾರನ ಹಿನ್ನೆಲೆ ನಾಯಕನಟ ವಿಲಿಯಂ ಮಾರ್ಷಲ್ ಪಟ್ಟು ಹಿಡಿದು ಸೇರಿಸಿದ್ದು.

ಅದೇ ಸಾಲಿನಲ್ಲಿ 2025ರಲ್ಲಿ ರಯಾನ್ ಕೂಗ್ಲರ್ 'ಸಿನ್ನರ್ಸ್' ಚಿತ್ರ ತಂದರು. 1932ರ ಮಿಸಿಸಿಪ್ಪಿ; ಅಲ್ಲಿನ ರಕ್ತಪಿಶಾಚಿಗೆ ರಕ್ತವಷ್ಟೇ ಸಾಲದು, ಕಪ್ಪು ಹುಡುಗನ ಬ್ಲೂಸ್ ಸಂಗೀತವೂ ಬೇಕು.