ಸಾಫ್ಟ್‌ಬಾಲ್‌ನಲ್ಲಿ ಮಾತಿನ ಅಡಚಣೆ ಮತ್ತು ವಂಚನೆಯ ತಂತ್ರಗಳು

ಸಾಫ್ಟ್‌ಬಾಲ್ ಆಟದಲ್ಲಿ ಮಾತಿನ ಅಡಚಣೆ ಎಂದರೆ, ಚೆಂಡು ಆಟದಲ್ಲಿರುವಾಗ ಬ್ಯಾಟಿಂಗ್ ತಂಡದ ಸದಸ್ಯರು ಕೂಗಿನಿಂದ ಅಥವಾ ಮಾತಿನಿಂದ ಎದುರಾಳಿ ಫೀಲ್ಡರನ್ನು ಗೊಂದಲಕ್ಕೀಡುಮಾಡಿ, ಚೆಂಡನ್ನು ಹಿಡಿಯದಂತೆ ಅಥವಾ ಎಸೆಯದಂತೆ ತಡೆಯುವುದು. ಇದಕ್ಕೆ ಪ್ರತಿಯಾಗಿ ಫೀಲ್ಡಿಂಗ್ ತಂಡದವರು ಓಟಗಾರರನ್ನು ಮೋಸಗೊಳಿಸುವ ಕೆಲವು ತಂತ್ರಗಳನ್ನೂ ನಿಯಮಗಳು ನಿಷೇಧಿಸಿವೆ. ಅವುಗಳಲ್ಲಿ ಹುಸಿ ಟ್ಯಾಗ್ ಮುಖ್ಯವಾದುದು. ಸಾಫ್ಟ್‌ಬಾಲ್ ನಿಯಮಗಳು ಎಲ್ಲ ಬಗೆಯ ವಂಚನೆಯನ್ನು ತಪ್ಪೆಂದು ಪರಿಗಣಿಸುವುದಿಲ್ಲ. ಎದುರಾಳಿಯನ್ನು ಕೌಶಲದಿಂದ ಏಮಾರಿಸುವುದು ಆಟದ ಭಾಗವೇ ಆಗಿದೆ. ಎದುರಾಳಿಗೆ ಆಡುವ ಅವಕಾಶವನ್ನೇ ಇಲ್ಲವಾಗಿಸುವ ಅಥವಾ ಅಪಾಯವನ್ನು ತಂದೊಡ್ಡುವ ವಂಚನೆಗೆ ಮಾತ್ರ ದಂಡನೆಯಿದೆ.

ಹಿನ್ನೆಲೆ

ಸಾಫ್ಟ್‌ಬಾಲ್ 1887ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಬೇಸ್‌ಬಾಲ್‌ನ ಒಳಾಂಗಣ ರೂಪವಾಗಿ ಹುಟ್ಟಿತು. ಜಾರ್ಜ್ ಹ್ಯಾನ್‌ಕಾಕ್ ಅವರನ್ನು ಇದರ ಪ್ರವರ್ತಕರೆಂದು ಗುರುತಿಸಲಾಗುತ್ತದೆ. 1933ರಲ್ಲಿ ಸ್ಥಾಪನೆಯಾದ ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ ನಿಯಮಗಳ ಏಕರೂಪತೆಗೆ ಶ್ರಮಿಸಿತು. ಈ ಸಂಸ್ಥೆಯು ಈಗ ಯುಎಸ್ಎ ಸಾಫ್ಟ್‌ಬಾಲ್ ಎಂಬ ಹೆಸರನ್ನು ಹೊಂದಿದ್ದು, ಅಮೆರಿಕದ ಅನೇಕ ಹವ್ಯಾಸಿ ಲೀಗ್‌ಗಳು ಇದರ ನಿಯಮಾವಳಿಯನ್ನು ಅನುಸರಿಸುತ್ತವೆ. ಈ ಲೇಖನದ ವಿವರಣೆಯೂ ಮುಖ್ಯವಾಗಿ ಅದನ್ನೇ ಆಧರಿಸಿದೆ.

ಆಟದಲ್ಲಿ ಹೋಮ್ ಪ್ಲೇಟ್ ಸೇರಿದಂತೆ ನಾಲ್ಕು ಬೇಸ್‌ಗಳಿರುತ್ತವೆ. ಚೆಂಡನ್ನು ಹೊಡೆದ ಬ್ಯಾಟರ್ ಓಟಗಾರರಾಗಿ ಒಂದೊಂದೇ ಬೇಸ್ ಮುಟ್ಟುತ್ತ ಹೋಮ್ ಪ್ಲೇಟ್‌ಗೆ ಮರಳಿದರೆ ಒಂದು ರನ್ ಲಭಿಸುತ್ತದೆ. ಫೀಲ್ಡರ್‌ಗಳು ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದು, ಅಥವಾ ಬೇಸ್‌ನ ಹೊರಗಿರುವ ಓಟಗಾರರಿಗೆ ಚೆಂಡನ್ನು ತಗುಲಿಸಿ, ಅಂದರೆ ಟ್ಯಾಗ್ ಮಾಡಿ, ಔಟ್ ಮಾಡಬಹುದು. ವೇಗದ ಪಿಚಿಂಗ್ ಪ್ರಕಾರದಲ್ಲಿ ಬೇಸ್‌ಗಳ ನಡುವಿನ ಅಂತರ 60 ಅಡಿ. ಬೇಸ್‌ಬಾಲ್‌ನಲ್ಲಿ ಇದು 90 ಅಡಿ. ಹೀಗಾಗಿ ಸಾಫ್ಟ್‌ಬಾಲ್‌ನಲ್ಲಿ ಎರಡೂ ತಂಡದ ಆಟಗಾರರು ಪರಸ್ಪರ ಹತ್ತಿರವಿರುತ್ತಾರೆ ಮತ್ತು ಒಬ್ಬರ ಕೂಗು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಎರಡು ಮೂಲ ಪರಿಕಲ್ಪನೆಗಳು

ನಿಯಮಾವಳಿಯು ಅಡ್ಡಿಯನ್ನು ಎರಡು ವಿಧವಾಗಿ ವಿಂಗಡಿಸುತ್ತದೆ. ಬ್ಯಾಟಿಂಗ್ ತಂಡದವರು ಫೀಲ್ಡರ್‌ಗೆ ಒಡ್ಡುವ ಅಡ್ಡಿಯನ್ನು ಇಂಟರ್‌ಫಿಯರೆನ್ಸ್ ಎಂದೂ, ಫೀಲ್ಡಿಂಗ್ ತಂಡದವರು ಬ್ಯಾಟರ್ ಅಥವಾ ಓಟಗಾರರಿಗೆ ಒಡ್ಡುವ ಅಡ್ಡಿಯನ್ನು ಅಬ್‌ಸ್ಟ್ರಕ್ಷನ್ ಎಂದೂ ಕರೆಯಲಾಗುತ್ತದೆ. ಇವೆರಡರ ದಂಡನೆಗಳು ಬೇರೆಬೇರೆಯಾಗಿವೆ.

ಇಂಟರ್‌ಫಿಯರೆನ್ಸ್ ಆಗಲು ಮೈ ತಾಗಲೇಬೇಕೆಂದಿಲ್ಲ. ದೈಹಿಕ ಸ್ಪರ್ಶದ ಜೊತೆಗೆ ಮಾತಿನಿಂದ ಗಮನ ಸೆಳೆಯುವುದು ಮತ್ತು ಕಣ್ಣಿಗೆ ಕಾಣುವ ಚೇಷ್ಟೆಯಿಂದ ಗಮನ ಸೆಳೆಯುವುದು ಕೂಡ ಅದರ ವ್ಯಾಖ್ಯಾನದಲ್ಲಿ ಸೇರಿವೆ.

"ನನ್ನದು" ಎಂಬ ಕೂಗು

ಎತ್ತರಕ್ಕೆ ಚಿಮ್ಮಿದ ಚೆಂಡನ್ನು ಹಿಡಿಯಲು ಇಬ್ಬರು ಮೂವರು ಫೀಲ್ಡರ್‌ಗಳು ಒಂದೇ ಕಡೆಗೆ ಓಡಿಬರುವುದು ಸಾಮಾನ್ಯ. ಎಲ್ಲರ ದೃಷ್ಟಿಯೂ ಮೇಲಿರುವುದರಿಂದ ಯಾರಿಗೂ ಪಕ್ಕದವರು ಕಾಣುವುದಿಲ್ಲ. ಆಗ ಒಬ್ಬರು "ನನ್ನದು" ಎಂದು ಕೂಗುತ್ತಾರೆ ಮತ್ತು ಉಳಿದವರು ಹಿಂದೆ ಸರಿಯುತ್ತಾರೆ. ಡಿಕ್ಕಿಯನ್ನು ತಪ್ಪಿಸಲು ಆಟಗಾರರಿಗಿರುವ ಮುಖ್ಯ ಸಾಧನ ಈ ಕೂಗು.

ಓಟಗಾರರೊಬ್ಬರು ಇದೇ ಮಾತನ್ನು ಕೂಗಿ ಫೀಲ್ಡರನ್ನು ಹಿಂದೆ ಸರಿಯುವಂತೆ ಮಾಡಿದರೆ ಅದು ಮಾತಿನ ಅಡಚಣೆಯ ಸ್ಪಷ್ಟ ಉದಾಹರಣೆಯಾಗುತ್ತದೆ. ಇದರ ಹಾನಿ ಒಂದು ಕ್ಯಾಚ್ ತಪ್ಪುವುದರಲ್ಲಿ ಮುಗಿಯುವುದಿಲ್ಲ. ಎದುರಾಳಿಗಳೂ ಹೀಗೆ ಕೂಗಬಹುದೆಂದಾದರೆ ಫೀಲ್ಡರ್‌ಗಳು ತಮ್ಮವರ ಕೂಗನ್ನೂ ನಂಬಲಾರರು. ನಂಬದೆ ಮುಂದುವರಿದರೆ ಇಬ್ಬರು ಡಿಕ್ಕಿ ಹೊಡೆದುಕೊಳ್ಳುವ ಸಂಭವವಿದೆ. ಜೊತೆಯಾಗಿ ಅಭ್ಯಾಸ ಮಾಡಲು ಸಮಯವಿಲ್ಲದ, ಪರಸ್ಪರರ ಧ್ವನಿಯ ಪರಿಚಯವೂ ಅಷ್ಟಾಗಿ ಇಲ್ಲದ ಹವ್ಯಾಸಿ ತಂಡಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ತಂಡದವರು ತಮ್ಮದೇ ಓಟಗಾರರಿಗೆ "ಓಡು", "ನಿಲ್ಲು", "ಹಿಂತಿರುಗು" ಎಂದು ನೀಡುವ ಸೂಚನೆಗಳು ಅಡಚಣೆಯಲ್ಲ. ಹುರಿದುಂಬಿಸುವ ಸಾಮಾನ್ಯ ಗದ್ದಲವೂ ಅಡಚಣೆಯಲ್ಲ. ಆ ಮಾತು ಫೀಲ್ಡರ್ ಕೈಗೊಂಡಿದ್ದ ಕ್ರಿಯೆಗೆ ಅಡ್ಡಿಯಾಯಿತೇ ಎಂಬುದನ್ನು ಅಂಪೈರ್ ನಿರ್ಣಯಿಸುತ್ತಾರೆ.

ದಂಡನೆ

ಇಂಟರ್‌ಫಿಯರೆನ್ಸ್ ಎಂದು ಅಂಪೈರ್ ತೀರ್ಮಾನಿಸಿದರೆ ಚೆಂಡು ತಕ್ಷಣವೇ ಡೆಡ್ ಆಗುತ್ತದೆ, ಅಂದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಅಡ್ಡಿಪಡಿಸಿದ ಓಟಗಾರರು ಔಟ್ ಆಗುತ್ತಾರೆ. ಇತರ ಓಟಗಾರರು ಅಡ್ಡಿಯುಂಟಾದ ಕ್ಷಣಕ್ಕೆ ಮೊದಲು ಕೊನೆಯದಾಗಿ ಮುಟ್ಟಿದ್ದ ಬೇಸ್‌ಗೆ ಮರಳಬೇಕು. ಒಂದೇ ಆಟದಲ್ಲಿ ಇಬ್ಬರನ್ನು ಔಟ್ ಮಾಡುವ ಅವಕಾಶವನ್ನು ತಪ್ಪಿಸಲೆಂದೇ ಅಡ್ಡಿಪಡಿಸಿದ್ದಾರೆ ಎಂದು ಕಂಡುಬಂದರೆ ಎರಡನೆಯ ಔಟ್ ಅನ್ನೂ ನೀಡಲಾಗುತ್ತದೆ.

ಹುಸಿ ಟ್ಯಾಗ್

ಕೈಯಲ್ಲಿ ಚೆಂಡಿಲ್ಲದ ಮತ್ತು ಚೆಂಡು ತಮ್ಮ ಬಳಿಗೆ ಬರುತ್ತಲೂ ಇಲ್ಲದ ಫೀಲ್ಡರ್, ಓಟಗಾರರನ್ನು ಟ್ಯಾಗ್ ಮಾಡುವಂತೆ ನಟಿಸಿ ಅವರ ಓಟಕ್ಕೆ ತಡೆಯೊಡ್ಡುವುದನ್ನು ಹುಸಿ ಟ್ಯಾಗ್ ಎನ್ನಲಾಗುತ್ತದೆ. ಇದು ಅಬ್‌ಸ್ಟ್ರಕ್ಷನ್‌ನ ಒಂದು ರೂಪ. ಓಟಗಾರರು ಪೂರ್ತಿ ನಿಲ್ಲಬೇಕೆಂದಾಗಲಿ, ನೆಲದ ಮೇಲೆ ಜಾರಬೇಕೆಂದಾಗಲಿ ಇಲ್ಲ. ವೇಗ ತಗ್ಗಿಸಿದರೂ ಸಾಕು.

ಈ ನಿಯಮದ ಹಿಂದೆಯೂ ಸುರಕ್ಷತೆಯ ಕಾಳಜಿ ಇದೆ. ಪೂರ್ಣ ವೇಗದಲ್ಲಿರುವ ಓಟಗಾರರು ಟ್ಯಾಗ್ ಬರುತ್ತಿದೆಯೆಂದು ಭಾವಿಸಿ ಸಿದ್ಧತೆಯಿಲ್ಲದೆ ಹಠಾತ್ತನೆ ಜಾರಿದರೆ ಕಣಕಾಲು ಅಥವಾ ಮೊಣಕಾಲಿಗೆ ಪೆಟ್ಟಾಗಬಹುದು.

ಅಬ್‌ಸ್ಟ್ರಕ್ಷನ್ ಆದಾಗ ಆಟವನ್ನು ತಕ್ಷಣ ನಿಲ್ಲಿಸಲಾಗುವುದಿಲ್ಲ. ಅಂಪೈರ್ ಎಡಗೈಯನ್ನು ಅಡ್ಡಲಾಗಿ ಚಾಚಿ ಸಂಕೇತ ನೀಡುತ್ತಾರೆ ಮತ್ತು ಆ ಆಟ ಮುಗಿಯುವವರೆಗೆ ಕಾಯುತ್ತಾರೆ. ಅಡ್ಡಿಯಿಲ್ಲದಿದ್ದರೆ ಓಟಗಾರರು ಯಾವ ಬೇಸ್ ತಲುಪುತ್ತಿದ್ದರೋ ಆ ಬೇಸ್ ಅನ್ನು ಬಳಿಕ ಅವರಿಗೆ ನೀಡಲಾಗುತ್ತದೆ. ಹುಸಿ ಟ್ಯಾಗ್ ಅನ್ನು ಮತ್ತೆಮತ್ತೆ ಮಾಡುವ ಆಟಗಾರರನ್ನು ಪಂದ್ಯದಿಂದ ಹೊರಹಾಕಬಹುದು.

ಪಿಚರ್ ಮತ್ತು ಬ್ಯಾಟರ್ ವಿರುದ್ಧದ ತಂತ್ರಗಳು

ಬ್ಯಾಟಿಂಗ್ ತಂಡದವರು "ಟೈಮ್" ಎಂದು ಕೂಗಿ ಅಥವಾ ಬೇರಾವುದೇ ಚೇಷ್ಟೆಯಿಂದ ಪಿಚರ್ ನಿಯಮಬಾಹಿರವಾಗಿ ಚೆಂಡೆಸೆಯುವಂತೆ ಮಾಡಲು ಯತ್ನಿಸಿದರೆ, ಆ ಎಸೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲ ಸಲ ತಂಡಕ್ಕೆ ಎಚ್ಚರಿಕೆ ನೀಡಲಾಗುತ್ತದೆ, ಪುನರಾವರ್ತಿಸಿದವರನ್ನು ಹೊರಹಾಕಲಾಗುತ್ತದೆ.

ಫೀಲ್ಡರ್ ಬ್ಯಾಟರ್‌ನ ದೃಷ್ಟಿರೇಖೆಯಲ್ಲಿ ನಿಂತು ಬೇಕೆಂದೇ ಗಮನ ಕೆಡಿಸುವಂತಿಲ್ಲ. ಪಿಚರ್ ಚೆಂಡೆಸೆಯುವ ಮೊದಲೇ ಇದು ನಡೆದರೂ ತಪ್ಪಾಗುತ್ತದೆ. ಚೆಂಡು ಬೇರೊಬ್ಬ ಫೀಲ್ಡರ್ ಬಳಿ ಇರುವಾಗ ಪಿಚರ್ ತಮ್ಮ ಕೈಯಲ್ಲೇ ಇದೆಯೆಂಬಂತೆ ಪಿಚಿಂಗ್ ಸ್ಥಾನದಲ್ಲಿ ನಿಲ್ಲುವುದಕ್ಕೂ ಅನುಮತಿಯಿಲ್ಲ.

ಬೇಕೆಂದೇ ಬಿಡುವ ಕ್ಯಾಚ್

ಸುಲಭವಾಗಿ ಹಿಡಿಯಬಹುದಾದ ಚೆಂಡನ್ನು ಬೇಕೆಂದೇ ನೆಲಕ್ಕೆ ಬೀಳಿಸಿದರೆ, ಕ್ಯಾಚ್ ಆಗುವುದೆಂದು ಬೇಸ್‌ನಲ್ಲೇ ಉಳಿದ ಓಟಗಾರರನ್ನು ಸುಲಭವಾಗಿ ಔಟ್ ಮಾಡಬಹುದು. ಇದನ್ನು ತಡೆಯಲು ಇನ್‌ಫೀಲ್ಡ್ ಫ್ಲೈ ನಿಯಮವಿದೆ. ಇಬ್ಬರಿಗಿಂತ ಕಡಿಮೆ ಆಟಗಾರರು ಔಟ್ ಆಗಿದ್ದು, ಮೊದಲ ಮತ್ತು ಎರಡನೆಯ ಬೇಸ್‌ಗಳಲ್ಲಿ ಅಥವಾ ಮೂರೂ ಬೇಸ್‌ಗಳಲ್ಲಿ ಓಟಗಾರರಿರುವಾಗ ಇದು ಅನ್ವಯಿಸುತ್ತದೆ. ಅಂಪೈರ್ ಇದನ್ನು ಗಟ್ಟಿಯಾಗಿ ಘೋಷಿಸಿದರೆ, ಚೆಂಡನ್ನು ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್ ಆಗುತ್ತಾರೆ. ಓಟಗಾರರು ಓಡಲೇಬೇಕಾದ ಒತ್ತಾಯ ಇಲ್ಲವಾಗುವುದರಿಂದ ವಂಚನೆಯಿಂದ ಯಾವ ಲಾಭವೂ ಉಳಿಯುವುದಿಲ್ಲ.

ಅನುಮತಿಯಿರುವ ವಂಚನೆ

ವೇಗದ ಎಸೆತದಂತೆ ತೋರಿಸಿ ನಿಧಾನವಾಗಿ ಚೆಂಡೆಸೆಯುವ ಚೇಂಜ್-ಅಪ್ ಪಿಚರ್‌ಗಳ ಮುಖ್ಯ ಅಸ್ತ್ರಗಳಲ್ಲೊಂದು. ಚೆಂಡು ಕೈಯಲ್ಲಿರುವ ಫೀಲ್ಡರ್ ಒಂದು ಬೇಸ್‌ಗೆ ಎಸೆಯುವಂತೆ ನಟಿಸಿ ಇನ್ನೊಂದಕ್ಕೆ ಎಸೆಯಬಹುದು. ವೇಗದ ಪಿಚಿಂಗ್ ಪ್ರಕಾರದಲ್ಲಿ ಬ್ಯಾಟರ್, ಚೆಂಡನ್ನು ಮೆಲ್ಲನೆ ತಟ್ಟುವ ಬಂಟ್‌ಗೆ ಸಿದ್ಧರಾದಂತೆ ತೋರಿಸಿ ಬಲವಾಗಿ ಹೊಡೆಯಬಹುದು. ಇಲ್ಲೆಲ್ಲ ವಂಚನೆಯು ಆಟದ ಕ್ರಿಯೆಯ ಮೂಲಕವೇ ನಡೆಯುತ್ತದೆ. ಎದುರಾಳಿಗೆ ಚೆಂಡನ್ನು ನೋಡಿ ನಿಜ ತಿಳಿದುಕೊಳ್ಳುವ ಅವಕಾಶವೂ ಇರುತ್ತದೆ. ಸುಳ್ಳು ಕೂಗಿನಲ್ಲಿ ಈ ಅವಕಾಶ ಇರುವುದಿಲ್ಲ.

ಬೇಸ್‌ಬಾಲ್‌ನ ಪ್ರಸಿದ್ಧ ಪ್ರಸಂಗಗಳು

1950ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಎಡ್ಡಿ ಸ್ಟ್ಯಾಂಕಿ ಎರಡನೆಯ ಬೇಸ್‌ನ ಹಿಂದೆ ನಿಂತು ಕೈಗಳನ್ನು ಬೀಸಿ ಬ್ಯಾಟರ್‌ನ ಗಮನ ಕೆಡಿಸಲು ಯತ್ನಿಸಿದ್ದು ವಿವಾದಕ್ಕೆ ಕಾರಣವಾಯಿತು. ಇಂತಹ ನಡವಳಿಕೆ ಈಗ ಬೇಸ್‌ಬಾಲ್‌ನಲ್ಲಿಯೂ ನಿಷಿದ್ಧ.

1987ರಲ್ಲಿ ಕಿರಿಯ ಲೀಗ್‌ನ ಪಂದ್ಯವೊಂದರಲ್ಲಿ ವಿಲಿಯಮ್ಸ್‌ಪೋರ್ಟ್ ಬಿಲ್ಸ್ ತಂಡದ ಕ್ಯಾಚರ್ ಡೇವ್ ಬ್ರೆಸ್ನಹನ್, ಸಿಪ್ಪೆ ಸುಲಿದ ಆಲೂಗಡ್ಡೆಯನ್ನು ಚೆಂಡೆಂಬಂತೆ ಮೂರನೆಯ ಬೇಸ್‌ನತ್ತ ಎಸೆದರು. ಅದನ್ನು ನಂಬಿ ಓಡಿಬಂದ ಓಟಗಾರರನ್ನು ನಿಜವಾದ ಚೆಂಡಿನಿಂದ ಟ್ಯಾಗ್ ಮಾಡಿದರು. ಅಂಪೈರ್ ಔಟ್ ನೀಡದೆ ಎದುರಾಳಿಗೆ ರನ್ ನೀಡಿದರು. ತಂಡವು ಬ್ರೆಸ್ನಹನ್ ಅವರನ್ನು ಕೈಬಿಟ್ಟಿತು.

2007ರ ಮೇ 30ರಂದು ಟೊರಾಂಟೊದಲ್ಲಿ ನಡೆದ ಪಂದ್ಯದ ಒಂಬತ್ತನೆಯ ಇನಿಂಗ್ಸ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಹೊರ್ಹೆ ಪೊಸಾಡಾ ಚೆಂಡನ್ನು ಎತ್ತರಕ್ಕೆ ಹೊಡೆದರು. ಓಡುತ್ತಿದ್ದ ಅಲೆಕ್ಸ್ ರಾಡ್ರಿಗಸ್, ಬ್ಲೂ ಜೇಸ್‌ನ ಹೋವಿ ಕ್ಲಾರ್ಕ್ ಅವರ ಹಿಂದೆ ಹಾದುಹೋಗುವಾಗ ಕೂಗಿದರು. ತಮ್ಮವರೇ ಕ್ಯಾಚ್ ಕೇಳುತ್ತಿದ್ದಾರೆಂದು ಭಾವಿಸಿ ಕ್ಲಾರ್ಕ್ ಹಿಂದೆ ಸರಿದಾಗ ಚೆಂಡು ನೆಲಕ್ಕೆ ಬಿತ್ತು. ಅಂಪೈರ್‌ಗಳು ಇದನ್ನು ಅಡಚಣೆಯೆಂದು ಪರಿಗಣಿಸಲಿಲ್ಲ. ಯಾಂಕೀಸ್ 10-5ರಿಂದ ಗೆದ್ದಿತು. ತಾವು "ಹಾ" ಎಂದಷ್ಟೇ ಕೂಗಿದ್ದಾಗಿ ರಾಡ್ರಿಗಸ್ ಹೇಳಿದರು. ಮಾತಿನಿಂದಾಗುವ ಗೊಂದಲವನ್ನು ಸ್ಪಷ್ಟವಾಗಿ ಹೆಸರಿಸುವ ಸಾಫ್ಟ್‌ಬಾಲ್ ನಿಯಮದಡಿ ಇಂತಹ ಸಂದರ್ಭದಲ್ಲಿ ಓಟಗಾರರನ್ನು ಔಟ್ ಎಂದು ಘೋಷಿಸಲು ಅವಕಾಶವಿದೆ.

ಕ್ರಿಕೆಟ್‌ನೊಂದಿಗೆ ಹೋಲಿಕೆ

ಕ್ರಿಕೆಟ್‌ನಲ್ಲೂ ಇದೇ ವಿಂಗಡಣೆಯನ್ನು ಕಾಣಬಹುದು. ನಿಯಮ 37ರ ಪ್ರಕಾರ ಬ್ಯಾಟರ್ ಬೇಕೆಂದೇ ಮಾತಿನಿಂದ ಅಥವಾ ಕ್ರಿಯೆಯಿಂದ ಫೀಲ್ಡಿಂಗ್ ತಂಡಕ್ಕೆ ಅಡ್ಡಿಪಡಿಸಿದರೆ ಔಟ್ ಆಗುತ್ತಾರೆ. 2017ರಲ್ಲಿ ಜಾರಿಗೆ ಬಂದ ನಿಯಮ 41.5, ಫೀಲ್ಡರ್‌ಗಳು ಬ್ಯಾಟರ್‌ಗಳನ್ನು ಬೇಕೆಂದೇ ವಂಚಿಸುವುದನ್ನು ನಿಷೇಧಿಸಿ 5 ಪೆನಾಲ್ಟಿ ರನ್‌ಗಳನ್ನು ವಿಧಿಸುತ್ತದೆ. ಚೆಂಡಿಲ್ಲದೆಯೇ ಎಸೆಯುವಂತೆ ನಟಿಸುವ ಹುಸಿ ಫೀಲ್ಡಿಂಗ್ ಇದರಲ್ಲಿ ಸೇರಿದೆ. ಅದೇ ವರ್ಷ ಆಸ್ಟ್ರೇಲಿಯಾದ ದೇಶೀಯ ಪಂದ್ಯವೊಂದರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಮಾರ್ನಸ್ ಲಬುಶೇನ್ ಈ ನಿಯಮದಡಿ ದಂಡನೆಗೊಳಗಾದ ಮೊದಲ ಆಟಗಾರರಾದರು. ಚೆಂಡಿಲ್ಲದ ಕೈಯಿಂದ ಓಟವನ್ನು ತಡೆಯುವ ಈ ನಟನೆಯು ಸಾಫ್ಟ್‌ಬಾಲ್‌ನ ಹುಸಿ ಟ್ಯಾಗ್‌ಗೆ ಬಹಳ ಸಮೀಪವಾದುದು. ಆದರೆ ಕ್ರಿಕೆಟ್‌ನಲ್ಲಿ ಅಂಪೈರ್ ಆಟಗಾರರ ಉದ್ದೇಶವನ್ನು ಪರಿಗಣಿಸಬೇಕಾಗುತ್ತದೆ. ಸಾಫ್ಟ್‌ಬಾಲ್‌ನ ಹುಸಿ ಟ್ಯಾಗ್‌ನಲ್ಲಿ ಓಟಕ್ಕೆ ತಡೆಯುಂಟಾಯಿತೇ ಎಂಬುದೇ ನಿರ್ಣಾಯಕ.