ಹಬೆಗೆ ಮುಚ್ಚಿ, ನೀರಿಗೆ ತೆರೆಯುವ ವಾಲ್ವ್

ರೈಲು ಬೋಗಿಗಳನ್ನು ಬೆಚ್ಚಗಿಡುತ್ತಿದ್ದ ಒಲೆಗಳೇ ಪ್ರಯಾಣಿಕರನ್ನು ಸುಟ್ಟವು. ಒಲೆಯ ಜಾಗಕ್ಕೆ ಎಂಜಿನ್ನಿನ ಹಬೆ ಬಂತು. ಆದರೆ ಎರಡು ಬೋಗಿಗಳ ನಡುವೆ ನಿಂತ ಒಂದಿಷ್ಟು ನೀರು ಆ ಹಬೆಯ ದಾರಿಯನ್ನೇ ಕಟ್ಟಿತು. ಅದನ್ನು ಹೊರಗೆ ಬಿಟ್ಟ ಪುಟ್ಟ ವಾಲ್ವೊಂದರ ಕಥೆ ಇದು.

1867ರ ಡಿಸೆಂಬರ್ 18. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಎಣ್ಣೆ ವ್ಯಾಪಾರಿಯೊಬ್ಬರು ಸ್ಟೇಷನ್ ತಲುಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಮುಂಚೆಯೇ ಕಳಿಸಿದ್ದ ಅವರ ಪೆಟ್ಟಿಗೆಗಳು ಮಾತ್ರ ರೈಲು ಹತ್ತಿದ್ದವು. ಅದೇ ಮಧ್ಯಾಹ್ನ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಊರಿನ ಬಳಿ ಆ ರೈಲಿನ ಕೊನೆಯ ಬೋಗಿಗಳು ಹಳಿ ತಪ್ಪಿದವು. ಒಂದು ಬೋಗಿ ಸೇತುವೆಯಿಂದ ಕಮರಿಗೆ ಉರುಳಿತು. ಬಿದ್ದ ಪೆಟ್ಟಿಗಿಂತ ಘೋರವಾದದ್ದು ಆಮೇಲೆ ನಡೆಯಿತು. ಒಲೆ ಮಗುಚಿ ಕೆಂಡ ಚೆಲ್ಲಿತು, ಮರದ ಬೋಗಿ ಹತ್ತಿಕೊಂಡಿತು. ಸುಮಾರು ಐವತ್ತು ಮಂದಿ ಸತ್ತರು, ಹೆಚ್ಚಿನವರು ಸುಟ್ಟೇ ಸತ್ತರು. ರೈಲು ತಪ್ಪಿಸಿಕೊಂಡು ಬದುಕಿದ ಆ ವ್ಯಾಪಾರಿ ಜಾನ್ ಡಿ. ರಾಕ್‌ಫೆಲರ್. ಆಗ ಅವರಿಗೆ 28 ವರ್ಷ.

ಬೋಗಿಯೊಳಗಿನ ಕೆಂಡ

ಆ ಕಾಲದ ಅಮೆರಿಕದ ಬೋಗಿಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಗೋಡೆ, ನೆಲ, ಛಾವಣಿ ಎಲ್ಲವೂ ಮರದ್ದು, ಮೇಲೆ ಎಣ್ಣೆ ಬಣ್ಣ ಮತ್ತು ವಾರ್ನಿಶ್. ತಲೆಯ ಮೇಲೆ ಸೀಮೆಎಣ್ಣೆ ದೀಪಗಳು. ಮೂಲೆಯಲ್ಲಿ ಎರಕದ ಕಬ್ಬಿಣದ ಒಲೆ, ಅದರಲ್ಲಿ ಸೌದೆ ಇಲ್ಲವೇ ಕಲ್ಲಿದ್ದಲು. ಒಲೆಯ ಪಕ್ಕ ಕೂತವರು ಬೆವರುತ್ತಿದ್ದರು, ಬೋಗಿಯ ಇನ್ನೊಂದು ತುದಿಯವರು ಕಂಬಳಿ ಹೊದ್ದು ನಡುಗುತ್ತಿದ್ದರು. ಅಷ್ಟಾದರೂ ಬೇಕೇ ಬೇಕಿತ್ತು. ಹೊರಗಿನ ಚಳಿ ಸೊನ್ನೆಗಿಂತ ಇಪ್ಪತ್ತು, ಮೂವತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ನಾಡು ಅದು.

ಅಂಗೋಲಾ ದುರಂತದ ಬಳಿಕ ಪಕ್ಕದ ಒಹಾಯೊ ರಾಜ್ಯ 1869ರಲ್ಲಿ ಕಾನೂನು ಮಾಡಿತು. ಬೋಗಿ ಹಳಿ ತಪ್ಪಿದ ಕೂಡಲೇ ತಾನಾಗಿ ಆರಿಹೋಗುವ ಒಲೆ ಇರಬೇಕು ಎಂದಿತು. ಕಾಗದದ ಮೇಲಿನ ಆ ಮಾತನ್ನು ಕಂಪನಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ. 1876ರ ಡಿಸೆಂಬರ್ 29ರ ರಾತ್ರಿ ಅದೇ ಒಹಾಯೊದ ಆಷ್ಟಬ್ಯುಲಾದಲ್ಲಿ ಕಬ್ಬಿಣದ ಸೇತುವೆ ಮುರಿದು, ಹಿಮಪಾತದ ನಡುವೆ ಹನ್ನೊಂದು ಬೋಗಿಗಳು ನದಿಗೆ ಬಿದ್ದವು. ಒಲೆ ಮತ್ತು ದೀಪಗಳಿಂದ ಬೆಂಕಿ ಹಬ್ಬಿತು. ಸುಮಾರು 90 ಜನ ಹೋದರು. ತನಿಖೆ ನಡೆಸಿದವರು ಸೇತುವೆಯ ಜೊತೆಗೆ ಒಲೆಗಳನ್ನೂ ದೂಷಿಸಿದರು. ಕಾನೂನು ಕೇಳಿದಂಥ ಒಲೆ ಆ ರೈಲಿನಲ್ಲಿ ಇರಲಿಲ್ಲ.

1882ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಅಂಚಿನ ಸ್ಪೈಟನ್ ಡೈವಿಲ್ ಎಂಬಲ್ಲಿ ನಿಂತಿದ್ದ ರೈಲಿಗೆ ಹಿಂದಿನಿಂದ ಇನ್ನೊಂದು ರೈಲು ಗುದ್ದಿತು. ಕೊನೆಯ ಬೋಗಿಗಳು ಹೊತ್ತಿದವು. ನೀರಿಲ್ಲದೆ ಜನ ಹಿಮದ ಉಂಡೆ ಎಸೆದು ಬೆಂಕಿ ಆರಿಸಲು ಹೆಣಗಿದರು. ಸತ್ತವರಲ್ಲಿ ಸೆನೆಟರ್ ವೆಬ್‌ಸ್ಟರ್ ವ್ಯಾಗ್ನರ್ ಒಬ್ಬರು. ಆ ಕಾಲದ ಹೆಸರಾಂತ ಐಷಾರಾಮಿ ಬೋಗಿಗಳನ್ನು ತಯಾರಿಸುತ್ತಿದ್ದವರು ಅವರೇ. ಸತ್ತದ್ದು ತಮ್ಮದೇ ಕಂಪನಿಯ ಬೋಗಿಯಲ್ಲಿ.

ಕೊನೆಗೆ ಜನರ ತಾಳ್ಮೆಯ ಕಟ್ಟೆ ಒಡೆದದ್ದು 1887ರ ಫೆಬ್ರುವರಿ 5ರಂದು. ವರ್ಮಾಂಟ್ ರಾಜ್ಯದ ಹಾರ್ಟ್‌ಫರ್ಡ್ ಬಳಿ ಮಾಂಟ್ರಿಯಲ್‌ಗೆ ಹೊರಟಿದ್ದ ರಾತ್ರಿ ರೈಲಿನ ಬೋಗಿಗಳು ಮರದ ಸೇತುವೆಯಿಂದ ಹೆಪ್ಪುಗಟ್ಟಿದ ನದಿಯ ಮೇಲೆ ಬಿದ್ದವು. ಬೋಗಿಗಳ ಜೊತೆ ಸೇತುವೆಯೂ ಉರಿಯಿತು. ಮೂವತ್ತಕ್ಕೂ ಹೆಚ್ಚು ಜನರ ಸಾವು. ಪತ್ರಿಕೆಗಳು ಒಲೆಯ ವಿರುದ್ಧ ಬೊಬ್ಬೆ ಹಾಕಿದವು. ಅದೇ ವರ್ಷ ನ್ಯೂಯಾರ್ಕ್ ರಾಜ್ಯ ಮುಲಾಜಿಲ್ಲದ ಕಾನೂನು ತಂದಿತು. 1888ರ ಮೇ 1ರ ನಂತರ ಪ್ರಯಾಣಿಕರ ಬೋಗಿಯೊಳಗೆ ಒಲೆ ಕೂಡದು. ಮೀರಿದರೆ ಸಾವಿರ ಡಾಲರ್ ದಂಡ, ಮೇಲೆ ದಿನಕ್ಕೆ ನೂರು ಡಾಲರ್. ಐವತ್ತು ಮೈಲಿಗಿಂತ ಚಿಕ್ಕ ಮಾರ್ಗಗಳಿಗೆ ಮಾತ್ರ ವಿನಾಯಿತಿ.

ಎಂಜಿನ್ನಿನ ಬೆಂಕಿಯೇ ಸಾಕು

ಒಲೆ ಬೇಡ ಸರಿ, ಚಳಿಗೇನು? ಉತ್ತರ ರೈಲಿನ ಮುಂದೆಯೇ ಇತ್ತು. ಎಂಜಿನ್ನಿನ ಬಾಯ್ಲರ್‌ನಲ್ಲಿ ಟನ್ನುಗಟ್ಟಲೆ ನೀರು ಕುದಿಯುತ್ತಿರುವಾಗ ಬೋಗಿಗೊಂದು ಬೆಂಕಿ ಯಾಕೆ? ಒಂದು ಕೊಳವೆ ಎಳೆದು ಎಲ್ಲ ಬೋಗಿಗಳ ಅಡಿಯಲ್ಲಿ ಹಾಯಿಸಿದರೆ ಆಯಿತಲ್ಲ!

ಹೀಗೆ ಯೋಚಿಸಿದವರು ಹಲವರು. ನ್ಯೂಯಾರ್ಕ್ ರಾಜ್ಯದ ಡಂಕರ್ಕ್‌ನಲ್ಲಿ ವಿಲಿಯಂ ಮಾರ್ಟಿನ್, ನ್ಯೂಯಾರ್ಕ್ ನಗರದಲ್ಲಿ ಎಡ್ವರ್ಡ್ ಗೋಲ್ಡ್ ತಮ್ಮ ತಮ್ಮ ವ್ಯವಸ್ಥೆಗಳನ್ನು ಮಾರುಕಟ್ಟೆಗೆ ತಂದರು. ಮಿಷಿಗನ್‌ನ ಅಂಧರ ಶಾಲೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಮೆಕೆಲ್ರಾಯ್ ಮಾಸ್ತರಿಕೆ ಬಿಟ್ಟು ಆಲ್ಬನಿಯಲ್ಲಿ ಬೋಗಿ ಬಿಸಿ ಮಾಡುವ ಕಂಪನಿ ಕಟ್ಟಿದರು. ಮೇಯ್ನ್ ರಾಜ್ಯದ ಸೆವಾಲ್ ಕಂಪನಿಗೆ ಹಬೆ ಕೊಳವೆ ಜೋಡಿಸುವ ಕಪ್ಲಿಂಗ್‌ನಲ್ಲಿ ಒಳ್ಳೆಯ ಹೆಸರಿತ್ತು. 1889ರಲ್ಲಿ ಈ ಎರಡೂ ಸೇರಿ ಕನ್ಸಾಲಿಡೇಟೆಡ್ ಕಾರ್ ಹೀಟಿಂಗ್ ಕಂಪನಿ ಹುಟ್ಟಿತು.

ರೈಲ್ವೆ ಕಂಪನಿಗಳು ಮಾತ್ರ ತಕರಾರಿನ ಪಟ್ಟಿ ಹಿಡಿದು ನಿಂತವು. ಹಬೆ ಕೊಟ್ಟರೆ ಎಂಜಿನ್ನಿನ ಎಳೆಯುವ ಶಕ್ತಿ ಕುಂದುತ್ತದೆ. ಮುಂದಿನ ಬೋಗಿ ಕಾದು ಹಿಂದಿನದು ತಣ್ಣಗಿರುತ್ತದೆ. ಒಬ್ಬರ ಕಪ್ಲಿಂಗ್ ಇನ್ನೊಬ್ಬರದಕ್ಕೆ ಕೂರುವುದಿಲ್ಲ. ಕೊಳವೆ ಒಡೆದರೆ ಪ್ರಯಾಣಿಕರು ಸುಡುವ ಬದಲು ಬೇಯುತ್ತಾರೆ, ಅಷ್ಟೇ ವ್ಯತ್ಯಾಸ. ಇವೆಲ್ಲದರಲ್ಲೂ ಒಂದಿಷ್ಟು ಹುರುಳಿತ್ತು. ಆದರೆ ಚಳಿಗಾಲದ ರಾತ್ರಿಯಲ್ಲಿ ಕೆಲಸಗಾರರನ್ನು ನಿಜವಾಗಿ ಗೋಳು ಹೊಯ್ದುಕೊಂಡದ್ದು ಇನ್ನೊಂದು ತೊಂದರೆ.

ಜೋತುಬಿದ್ದ ಹೋಸಿನಲ್ಲಿ ನಿಂತ ನೀರು

ಹಬೆ ಬಿಸಿ ಕೊಡುವುದೇ ತಾನು ನೀರಾಗುವ ಮೂಲಕ. ಒಂದು ಕಿಲೋ ಹಬೆ ನೀರಾಗುವಾಗ ಸುಮಾರು 540 ಕಿಲೊಕ್ಯಾಲರಿ ಶಾಖ ಹೊರಬರುತ್ತದೆ. ಬೋಗಿ ಬೆಚ್ಚಗಾಗುವುದು ಅದರಿಂದ. ಜೊತೆಗೇ ಒಂದು ಲೀಟರ್ ನೀರೂ ಹುಟ್ಟುತ್ತದೆ. ಅಂದರೆ ಬೋಗಿ ಎಷ್ಟು ಬೆಚ್ಚಗಾಯಿತೋ ಕೊಳವೆಯಲ್ಲಿ ಅಷ್ಟು ನೀರು ಸೇರಿತು ಎಂದೇ ಲೆಕ್ಕ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಬೋಗಿಯ ಅಡಿಯ ಕಬ್ಬಿಣದ ಕೊಳವೆಗೆ ಇಳಿಜಾರು ಕೊಟ್ಟು ನೀರನ್ನು ಸಾಗಹಾಕಬಹುದು. ಆದರೆ ಎರಡು ಬೋಗಿಗಳ ನಡುವೆ ಗಟ್ಟಿ ಕೊಳವೆ ಹಾಕುವಂತಿಲ್ಲ. ರೈಲು ತಿರುವಿನಲ್ಲಿ ಬಾಗಬೇಕು, ಬೋಗಿಗಳು ಹಿಂದೆ ಮುಂದೆ ಜಗ್ಗಾಡಬೇಕು. ಹಾಗಾಗಿ ಒಂದೊಂದು ಬೋಗಿಯ ತುದಿಯಿಂದಲೂ ರಬ್ಬರ್ ಹೋಸ್ ಇಳಿಬಿಟ್ಟು, ಎರಡರ ಕಬ್ಬಿಣದ ತಲೆಗಳನ್ನು ನಡುವೆ ಸೇರಿಸುತ್ತಿದ್ದರು. ಸೇರಿಸುವ ಬಗೆ ಜಾಣತನದ್ದು. ಎರಡು ತಲೆಗಳೂ ಒಂದೇ ಅಚ್ಚಿನವು. ಎತ್ತಿ ಒಂದಕ್ಕೊಂದು ಆನಿಸಿ ಕೆಳಗೆ ಬಿಟ್ಟರೆ ತಮ್ಮ ಭಾರಕ್ಕೇ ಕಚ್ಚಿಕೊಳ್ಳುತ್ತವೆ. ನಡುವಿನ ಗ್ಯಾಸ್ಕೆಟ್ ಹಬೆ ಸೋರದಂತೆ ತಡೆಯುತ್ತದೆ. ಬೋಗಿಗಳು ಅಕಸ್ಮಾತ್ ಬೇರೆಯಾದರೆ ಹೋಸ್ ಬಿಗಿಯಾಗಿ ಮೇಲೇಳುತ್ತದೆ, ತಲೆಗಳು ತಾವೇ ಬಿಟ್ಟುಕೊಳ್ಳುತ್ತವೆ.

ತಮ್ಮ ಭಾರಕ್ಕೆ ಕಚ್ಚಿಕೊಳ್ಳಬೇಕಾದರೆ ಅವು ಜೋತುಬೀಳಲೇಬೇಕು. ಜೋತುಬಿದ್ದರೆ ಇಡೀ ಮಾರ್ಗದ ಅತಿ ತಗ್ಗಿನ ಜಾಗ ಅದೇ ಆಗುತ್ತದೆ. ಎರಡೂ ಕಡೆಯ ನೀರು ಅಲ್ಲಿಗೇ ಹರಿದು ಬಂದು ನಿಲ್ಲುತ್ತದೆ. ಹಬೆ ಓಡುತ್ತಿರುವಾಗ ಆ ನೀರು ಮುಂದಕ್ಕೆ ತಳ್ಳಿಸಿಕೊಂಡು ಹೋಗುತ್ತದೆ. ರೈಲು ಸ್ಟೇಷನ್‌ನಲ್ಲಿ ನಿಂತು, ಎಂಜಿನ್ ಬದಲಿಸಲೆಂದು ಹಬೆ ನಿಲ್ಲಿಸಿದರೆ ಮುಗಿಯಿತು. ಮೈನಸ್ ಇಪ್ಪತ್ತು ಡಿಗ್ರಿಯ ಗಾಳಿಗೆ ಒಡ್ಡಿಕೊಂಡ ತೆಳು ಹೋಸಿನಲ್ಲಿ ನೀರು ಮಂಜುಗಡ್ಡೆಯಾಗಲು ಎಷ್ಟು ಹೊತ್ತು ಬೇಕು? ಮಂಜುಗಡ್ಡೆ ನೀರಿಗಿಂತ ಶೇ 9ರಷ್ಟು ಹೆಚ್ಚು ಜಾಗ ಕೇಳುತ್ತದೆ. ಹೋಸ್ ಬಿರಿಯುತ್ತದೆ, ಕಬ್ಬಿಣದ ತಲೆ ಸೀಳುತ್ತದೆ. ಏನೂ ಒಡೆಯದಿದ್ದರೂ ಗಡ್ಡೆಯ ಬಿರಡೆಯಿಂದಾಚೆಗಿನ ಬೋಗಿಗಳಿಗೆ ಬೆಳಗಿನ ತನಕ ಹಬೆ ಇಲ್ಲ.

ನೀರು ಬಿಡಲು ತಳದಲ್ಲಿ ಒಂದು ತೂತು ಕೊರೆದರೆ ಹಬೆಯೂ ಅಲ್ಲೇ ಸೋರಿಹೋಗುತ್ತದೆ. ನಲ್ಲಿ ಇಟ್ಟರೆ ಅದನ್ನು ತಿರುಗಿಸಲು ಆಳು ಬೇಕು. ಹತ್ತು ಬೋಗಿಯ ರೈಲಿನಲ್ಲಿ ಎಂಜಿನ್ನಿನಿಂದ ಹಿಂದಕ್ಕೆ ಹತ್ತು ಜೋಡಣೆ. ಹಿಮ ಬೀಳುವ ಕತ್ತಲಲ್ಲಿ ಲಾಂದ್ರ ಹಿಡಿದು ಪ್ರತಿಯೊಂದರ ಅಡಿಗೂ ಬಗ್ಗಿ ತಿರುಗಿಸುವವನು ಒಂದನ್ನು ಮರೆತರೂ ಕೆಲಸ ಕೆಟ್ಟಿತು. ಬೇಕಾದದ್ದು ಹಬೆ ಇದ್ದಾಗ ತಾನಾಗಿ ಮುಚ್ಚಿ, ಹಬೆ ನಿಂತಾಗ ತಾನಾಗಿ ತೆರೆಯುವ ವಾಲ್ವ್.

ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರ್‌ನ ವೆಯ್ಟ್ ಒತ್ತಡ ಏರಿದಾಗ ಎದ್ದು ಹಬೆ ಬಿಡುತ್ತದಲ್ಲ, ಇದರ ನಡೆ ಅದಕ್ಕೆ ಪೂರ್ತಿ ತಿರುಗುಮುರುಗು. ಕಪ್ಲಿಂಗ್ ತಲೆಯ ತಳದಲ್ಲಿ ಒಂದು ಕಿರು ಬಾಯಿ, ಅದಕ್ಕೊಂದು ಬಿಲ್ಲೆ ಅಥವಾ ಗುಂಡು. ಒತ್ತಡವಿಲ್ಲದಾಗ ಭಾರವೋ ಸ್ಪ್ರಿಂಗೋ ಬಿಲ್ಲೆಯನ್ನು ಬಾಯಿಂದ ದೂರ ಹಿಡಿದಿರುತ್ತದೆ. ಹಬೆ ನುಗ್ಗಿ ಬಂದ ಕೂಡಲೇ ಅದರ ಒತ್ತಡವೇ ಬಿಲ್ಲೆಯನ್ನು ಬಾಯಿಗೆ ಅದುಮಿ ಮುಚ್ಚುತ್ತದೆ. ಹಬೆ ನಿಲ್ಲಿಸಿದರೆ ಒತ್ತಡ ಇಳಿದು ಬಿಲ್ಲೆ ಸರಿಯುತ್ತದೆ, ನಿಂತ ನೀರು ತೊಟಕ್ಕನೆ ನೆಲಕ್ಕೆ ಬೀಳುತ್ತದೆ. ಬಿಸಿಗೆ ಹಿಗ್ಗಿ ಮುಚ್ಚುವ, ತಣ್ಣಗಾದಾಗ ಕುಗ್ಗಿ ತೆರೆಯುವ ಲೋಹದ ತುಂಡನ್ನು ಬಳಸಿದ ಮಾದರಿಗಳೂ ಬಂದವು.

ಈ ವಾಲ್ವ್ ಕೆಲಸಗಾರನ ಕೈಯನ್ನೂ ಕಾಪಾಡಿತು. ಬೋಗಿ ಬಿಡಿಸುವ ಮುಂಚೆ ಎರಡೂ ತುದಿಯ ದೊಡ್ಡ ವಾಲ್ವ್‌ಗಳನ್ನು ಮುಚ್ಚಿದರೂ ನಡುವಿನ ಹೋಸಿನಲ್ಲಿ ಹಬೆ, ಕುದಿನೀರು ಸಿಕ್ಕಿಕೊಂಡಿರುತ್ತದೆ. ತಿಳಿಯದೆ ಬಿಚ್ಚಿದರೆ ಕೈ ಬೇಯುತ್ತದೆ. ತಳದಿಂದ ನೀರು ಇಳಿಯತೊಡಗಿದರೆ ಒತ್ತಡ ಹೋಗಿದೆ, ಬಿಚ್ಚಬಹುದು ಎಂಬ ಗುರುತು.

ಹಾಗಂತ ತೊಂದರೆ ಒಮ್ಮೆಗೇ ತೀರಲಿಲ್ಲ. ಕೊಳವೆಯ ತುಕ್ಕು, ರಬ್ಬರಿನ ಚೂರು ಬಿಲ್ಲೆಯ ಕೆಳಗೆ ಸಿಕ್ಕಿದರೆ ವಾಲ್ವ್ ಪೂರ್ತಿ ಮುಚ್ಚದೆ ಹಬೆ ಸೋರುತ್ತಿತ್ತು, ಹಿಂದಿನ ಬೋಗಿಗಳು ತಣ್ಣಗಾಗುತ್ತಿದ್ದವು. ಅಂಟಿಕೊಂಡು ತೆರೆಯದಿದ್ದರೆ ಮತ್ತೆ ಮಂಜುಗಡ್ಡೆ. ಮುಂದಿನ ದಶಕಗಳಲ್ಲಿ ಪೇಟೆಂಟ್ ಪಡೆದವರು ತಿದ್ದುತ್ತಾ ಹೋದದ್ದು ಇಂಥವನ್ನೇ: ಕಸ ಸಿಗದ ಬಾಯಿ, ಸುಲಭವಾಗಿ ಬಿಚ್ಚಿ ತೊಳೆಯಬಹುದಾದ ಗೂಡು, ಹಳಿಯ ಕಲ್ಲು ಸಿಡಿದರೂ ಮುರಿಯದ ರಚನೆ.

ಕೋರ್ಟ್ ಮೆಟ್ಟಿಲೇರಿದ ಒಲೆ

ಇತ್ತ ಒಲೆ ಬಿಡಲು ಎಲ್ಲರೂ ತಯಾರಿರಲಿಲ್ಲ. 1891ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನ ಫೋರ್ತ್ ಅವೆನ್ಯೂ ಸುರಂಗದಲ್ಲಿ ನ್ಯೂಹೇವನ್ ರೈಲ್ವೆಯ ರೈಲುಗಳು ಗುದ್ದಿ, ಬೋಗಿಗಳಿಗೆ ಬೆಂಕಿ ಬಿದ್ದು ಆರು ಜನ ಸತ್ತರು. ನಿಷೇಧ ಜಾರಿಯಾಗಿ ಮೂರು ಚಳಿಗಾಲ ಕಳೆಯುತ್ತಾ ಬಂದಿದ್ದರೂ ಬೋಗಿಯಲ್ಲಿ ಒಲೆ ಇತ್ತು. ಕಂಪನಿಯ ಅಧ್ಯಕ್ಷರು, ನಿರ್ದೇಶಕರ ಮೇಲೆಯೇ ಕ್ರಿಮಿನಲ್ ಮೊಕದ್ದಮೆ ಬಿತ್ತು. ದಂಡದ ವ್ಯಾಜ್ಯದಲ್ಲಿ ಅದೇ ಕಂಪನಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ರೈಲು ಹಲವು ರಾಜ್ಯಗಳನ್ನು ದಾಟುತ್ತದೆ, ಒಂದೊಂದು ರಾಜ್ಯ ಒಂದೊಂದು ನಿಯಮ ಮಾಡಿದರೆ ಗಡಿಗಡಿಯಲ್ಲಿ ಒಲೆ ಬದಲಿಸಬೇಕೇ ಎಂಬುದು ವಾದ. 1897ರಲ್ಲಿ ಕೋರ್ಟ್ ಒಪ್ಪಲಿಲ್ಲ. ಕೇಂದ್ರ ಕಾನೂನು ಬರುವ ತನಕ ಪ್ರಯಾಣಿಕರ ಪ್ರಾಣ ಕಾಯುವ ಅಧಿಕಾರ ರಾಜ್ಯಕ್ಕಿದೆ ಎಂದಿತು.

ಕೊಳವೆ ಒಡೆದರೆ ಬೇಯುತ್ತಾರೆ ಎಂಬ ಭಯಕ್ಕೆ ಶಿಕಾಗೊದ ಎಗ್ಬರ್ಟ್ ಗೋಲ್ಡ್ 20ನೇ ಶತಮಾನದ ಆರಂಭದಲ್ಲಿ ಪರಿಹಾರ ಕೊಟ್ಟರು. ಬೋಗಿಯ ಅಡಿಯ ಮುಖ್ಯ ಕೊಳವೆಯಲ್ಲಿ ಒತ್ತಡ ಇರಲಿ, ಒಳಗಿನ ಕೊಳವೆಗೆ ಹೊರಗಿನ ಗಾಳಿಯಷ್ಟೇ ಒತ್ತಡದ ಹಬೆ ಸಾಕು ಎಂದರು. ಅವರ ವೇಪರ್ ಕಂಪನಿಯ ವ್ಯವಸ್ಥೆ ಅಮೆರಿಕದಾದ್ಯಂತ ಹರಡಿತು. ರಬ್ಬರ್ ಹೋಸಿನ ಜಾಗಕ್ಕೆ ಬಾಗುವ ಲೋಹದ ಕೊಳವೆಗಳು ಬಂದವು. ತಳದ ವಾಲ್ವ್ ಮಾತ್ರ ತನ್ನ ಜಾಗ ಬಿಡಲಿಲ್ಲ.

ಎಂಜಿನ್ ಹೋದರೂ ಹಬೆ ಉಳಿಯಿತು

ವಿಚಿತ್ರವೆಂದರೆ ಹಬೆ ಎಂಜಿನ್ನುಗಳು ಹೋದ ಮೇಲೂ ಈ ಪದ್ಧತಿ ದಶಕಗಳ ಕಾಲ ನಡೆಯಿತು. ಸಾವಿರಾರು ಬೋಗಿಗಳಲ್ಲಿ ಹಬೆ ಕೊಳವೆ ಇತ್ತಲ್ಲ, ಅದಕ್ಕೋಸ್ಕರವೇ ಡೀಸೆಲ್ ಎಂಜಿನ್ನುಗಳ ಹೊಟ್ಟೆಯಲ್ಲಿ ಸಣ್ಣ ಬಾಯ್ಲರ್ ಇಟ್ಟರು. 1977ರ ಜನವರಿಯ ಭಾರಿ ಚಳಿಯಲ್ಲಿ ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನ ಹಳೆಯ ಬೋಗಿಗಳ ಹಬೆ ಕೊಳವೆಗಳು ಹೆಪ್ಪುಗಟ್ಟಿ, ಶಿಕಾಗೊ ಕಡೆಯ ಹಲವು ರೈಲುಗಳು ರದ್ದಾದವು. ಎಂಜಿನ್ನಿನಿಂದ 480 ವೋಲ್ಟ್ ವಿದ್ಯುತ್ ಪಡೆದು ಬಿಸಿಯಾಗುವ ಹೊಸ ಬೋಗಿಗಳು ಆ ಹೊತ್ತಿಗೆ ಬರತೊಡಗಿದ್ದವು. ಕೆನಡಾದ ವಿಯಾ ರೈಲ್ ತನ್ನ ಹೊಳೆಯುವ ಸ್ಟೀಲ್ ಬೋಗಿಗಳನ್ನು ವಿದ್ಯುತ್ತಿಗೆ ಬದಲಾಯಿಸಿದ್ದು 1990ರ ದಶಕದ ಆರಂಭದಲ್ಲಿ.

ನಮ್ಮ ಕಡೆ ರೈಲು ಬೋಗಿಗೆ ಬಿಸಿಯ ಚಿಂತೆ ಹೆಚ್ಚೇನೂ ಇರಲಿಲ್ಲ. ಕಿವಿಗೆ ಮಫ್ಲರ್ ಸುತ್ತಿದರೆ ನಮ್ಮ ಚಳಿಗಾಲ ಕಳೆಯುತ್ತಿತ್ತು. 2025ರ ಜೂನ್‌ನಲ್ಲಿ ಕಟ್ರಾ ಮತ್ತು ಶ್ರೀನಗರ ನಡುವೆ ಓಡತೊಡಗಿದ ವಂದೇ ಭಾರತ್‌ನಲ್ಲಿ ಮಾತ್ರ ಹಳೆಯ ಆ ಸಮಸ್ಯೆ ಬೇರೆ ರೂಪದಲ್ಲಿ ಎದುರಾಗಿದೆ. ಟ್ಯಾಂಕ್ ಮತ್ತು ಶೌಚಾಲಯದ ನೀರು ಹೆಪ್ಪುಗಟ್ಟದಂತೆ ಅಲ್ಲಿ ವಿದ್ಯುತ್ ಹೀಟರ್‌ಗಳಿವೆ. ಬೋಗಿ ಬೆಚ್ಚಗಿಡುವುದಕ್ಕಿಂತ ನೀರನ್ನು ನಿಭಾಯಿಸುವುದೇ ಕಷ್ಟ ಎಂಬುದು ಇವತ್ತಿಗೂ ಸುಳ್ಳಾಗಿಲ್ಲ.

ಒಲೆಯನ್ನು ಬೋಗಿಯಿಂದ ಹೊರಹಾಕಿದ ಕೀರ್ತಿ ಸಾಮಾನ್ಯವಾಗಿ ಶಾಸಕರಿಗೆ, ಪತ್ರಿಕೆಗಳಿಗೆ, ದೊಡ್ಡ ಕಂಪನಿಗಳಿಗೆ ಸಲ್ಲುತ್ತದೆ. ಸಲ್ಲಲಿ. ಆದರೆ 1869ರ ಕಾನೂನು ಸೋತು 1887ರ ಕಾನೂನು ನಿಂತದ್ದು ದಂಡದ ಬಲದಿಂದ ಮಾತ್ರವಲ್ಲ. ಎರಡನೆಯದರ ಬೆನ್ನಿಗೆ ಚಳಿಗಾಲದ ರಾತ್ರಿಯಲ್ಲೂ ನಡೆಯುವ ಯಂತ್ರ ಬೆಳೆದುಬಂತು. ಆ ಯಂತ್ರ ನಡೆದದ್ದು ಯಾರೂ ನೆನಪಿಟ್ಟುಕೊಂಡು ತಿರುಗಿಸಬೇಕಿಲ್ಲದ ಬಿಡಿಭಾಗಗಳಿಂದ. ಮನುಷ್ಯನ ಜ್ಞಾಪಕಶಕ್ತಿಯ ಮೇಲೆ ನಿಂತ ಸುರಕ್ಷತೆ ಒಂದಲ್ಲ ಒಂದು ರಾತ್ರಿ ಕೈಕೊಡುತ್ತದೆ. ಇಂಗ್ಲೆಂಡಿನ ಪಾರಂಪರಿಕ ರೈಲುಗಳಲ್ಲಿ ಇಂದಿಗೂ ಹಬೆಯಿಂದ ಬೆಚ್ಚಗಾಗುವ ಬೋಗಿಗಳು ಓಡುತ್ತವೆ. ಡಿಸೆಂಬರ್‌ನಲ್ಲಿ ಆ ಕಡೆ ಹೋದವರು ಎಂಜಿನ್ನಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡಾದ ಮೇಲೆ ಎರಡು ಬೋಗಿಗಳ ನಡುವೆಯೂ ಒಮ್ಮೆ ಬಗ್ಗಿ ನೋಡಿ.